ಬಾಯಿಬ್ಯಾನಿ

ಖಾನಾಪುರದ ತವರುಮನೆಯ ನಾಯಿ ರೊಟ್ಟಿ ಮೂಸಿ ಬಿಟ್ಟುಹೋಗುತ್ತಿದೆ, ಜೊಲ್ಲಿನಲ್ಲಿ ರಕ್ತ ಕಾಣುತ್ತಿದೆ ಎಂದು ಅಣ್ಣ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಗೆ ತಂದ. ಅನಗೋಳದ ನನ್ನ ಮನೆಯಲ್ಲಿ ಇಳಿಸಿ, "ಡಾಕ್ಟರಿಗೆ ನೀನ ತೋರ್ಸು, ನನಗ ಹಾಲು ಹಿಂಡೂ ಹೊತ್ತಾತು" ಎಂದು ಹೊರಟುಹೋದ.

ಡಾಕ್ಟರು ಬಾಯಿ ತೆರೆಸಿದಾಗ ಬಂದ ವಾಸನೆಗೆ ನಾನು ಮುಖ ತಿರುಗಿಸಿದೆ. ಹಲ್ಲಿನ ಬುಡಕ್ಕೆ ಕಂದು ಬಣ್ಣದ ಕಲ್ಲು ಕಟ್ಟಿತ್ತು, ವಸಡು ಊದಿ ಕೆಂಪಗಾಗಿತ್ತು. "ಬಾಯಿ ಬ್ಯಾನಿರೀ ಇದು, ಭಾಳ ದಿವಸದ್ದು. ಮಂಪರು ಕೊಟ್ಟು ಕಲ್ಲು ತೆಗೆದು, ಅಳ್ಳಾಡೋ ಹಲ್ಲು ಕೀಳಬೇಕು" ಎಂದರು.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಬಾಯಿಬ್ಯಾನಿ ಅಂತಪ್ಪಾ."

"ಹಂಗಾದ್ರ ಮನೀಗೆ ತರಬ್ಯಾಡವ್ವ" ಎಂದು ಫೋನ್ ಇಟ್ಟುಬಿಟ್ಟ.

ನನಗೆ ತಲೆಬುಡ ತಿಳಿಯಲಿಲ್ಲ. ತನ್ನ ತಾಟಿನ ರೊಟ್ಟಿ ಮುರಿದು ಅದಕ್ಕೆ ಹಾಕದೆ ಉಣ್ಣದ ಮನುಷ್ಯ! ಹುಟ್ಟಿದಾಗಿನಿಂದ ಎಮ್ಮೆಗಳ ನಡುವೆ ಮಲಗಿದ ನಾಯಿ ಇನ್ನೆಲ್ಲಿಗೆ ಹೋಗಬೇಕು? ವಾಸನೆಗೆ ಅಸಹ್ಯಪಟ್ಟನೇ? ಹಲ್ಲಿಲ್ಲದ್ದು ಕಾವಲಿಗೆ ಬಾರದು ಎಂದೇ? ಹಲ್ಲು ಕಿತ್ತ ಮೇಲೆ ನಾಲ್ಕು ದಿನ ಅದು ನಮ್ಮ ಅಡುಗೆಮನೆಯ ಮೂಲೆಯಲ್ಲಿ ಗಂಜಿ ನೆಕ್ಕಿಕೊಂಡು, ಬೀದಿಯಲ್ಲಿ ಟೆಂಪೋ ಸದ್ದಾದಾಗೆಲ್ಲ ಕಿವಿ ನಿಮಿರಿಸುತ್ತಿತ್ತು. ಅಪ್ಪನ ಫೋನನ್ನು ನಾನು ಎತ್ತಲಿಲ್ಲ, ಅಣ್ಣನದ್ದೂ ಎತ್ತಲಿಲ್ಲ. ಇಷ್ಟು ವರ್ಷ ಅಪ್ಪನನ್ನು ತಪ್ಪು ತಿಳಿದುಕೊಂಡಿದ್ದೆನೇನೋ ಎಂಬ ಗೊಂದಲವೇ ಸಿಟ್ಟಿಗಿಂತ ಹೆಚ್ಚಾಗಿ ಕಾಡುತ್ತಿತ್ತು.

ಐದನೆಯ ದಿನ ಬಾಡಿಗೆ ಗಾಡಿ ಮಾಡಿಕೊಂಡು, ಹೇಳದೆ ಕೇಳದೆ ಕರೆದೊಯ್ದೆ. ಅಪ್ಪ ಎಮ್ಮೆಯ ಗೊರಸನ್ನು ಪಟಿಕದ ನೀರಿನಲ್ಲಿ ತೊಳೆಯುತ್ತಿದ್ದ. ನಾಯಿಯನ್ನು ಕಂಡವನೇ ಓಡಿಬಂದು ಅಂಗಳದಲ್ಲೇ ತಡೆದ. "ಕಾಲು ತೋರ್ಸು" ಎಂದ. ಬಾಯಿಯನ್ನಲ್ಲ, ಕಾಲನ್ನು! ಒಂದೊಂದೇ ಪಾದ ಎತ್ತಿ, ಬೆರಳ ಸಂದಿ ಬಿಡಿಸಿ ನೋಡಿದ.

"ಕಾಲಾಗ ಏನೂ ಇಲ್ಲಲ್ಲ?"

"ಕಾಲಿಗೇನಾಗೇತಪ್ಪಾ? ವಸಡು ಕೊಳತಿದ್ದು, ಹಲ್ಲು ಕಿತ್ತಾರ."

"ಮತ್ತ ಬಾಯಿಬ್ಯಾನಿ ಅಂದಿ?"

ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಬಾಯಿಬ್ಯಾನಿ ಎಂದರೆ ದನಗಳ ಕಾಲುಬಾಯಿ ರೋಗ. ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣು, ಒಂದಕ್ಕೆ ಬಂದರೆ ಇಡೀ ಕೊಟ್ಟಿಗೆಗೆ ಬರುತ್ತದೆ; ನಾಯಿಯಿಂದ ಎಮ್ಮೆಗಳಿಗೆ ಅಂಟೀತೆಂದು ಅಪ್ಪ ಹೆದರಿದ್ದ. ಅದೇ ಕೊಟ್ಟಿಗೆಯ ಸಗಣಿ ಬಾಚಿ ಬೆಳೆದ ನಾನು ಅದನ್ನೇ ಮರೆತಿದ್ದೆ.

ಅಪ್ಪ ಒಳಗಿನಿಂದ ರೊಟ್ಟಿ ತಂದು ಹಾಲಿನಲ್ಲಿ ಕಿವುಚತೊಡಗಿದ. ನಾಯಿ ಅವನ ಮೊಣಕಾಲಿಗೆ ತಲೆ ಒತ್ತಿ ನಿಂತಿತು.

"ನಾಕ್ ದಿನ ಫೋನ್ ಎತ್ತಲಿಲ್ಲ ನೀ. ಇದು ಸತ್ತೈತಿ, ನನಗ ಹೇಳಾಕ ಆಗವಲ್ದು ನಿನಗ ಅಂತ ತಿಳ್ಕೊಂಡಿದ್ದೆ" ಎಂದ, ತಲೆ ಎತ್ತದೆ. "ಯಾಕ ಬ್ಯಾಡ ಅಂದಿ ಅಂತ ನನ್ನ ಒಂದ್ ಮಾತು ಕೇಳಬಾರದಿತ್ತೇನವ್ವ?"