‘ಇಲ್ಲ’ ಎನ್ನದ ರಕ್ತನಿಧಿಯವರು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯ ರಕ್ತನಿಧಿಯ ಟೆಕ್ನಿಷಿಯನ್ ಫ್ರಿಜ್ ತೆರೆದು ಚೀಲಗಳನ್ನು ಎರಡನೆಯ ಸಲ ಎಣಿಸುತ್ತಿರುತ್ತಾರೆ. ಎಣಿಸಿ ಮುಗಿದ ಮೇಲೆ ಹಲಗೆಯಲ್ಲಿ ರಕ್ತದ ಪ್ರತಿ ಗುಂಪಿನ ಎದುರು ಮೂರು ಅಂಕಿ ಬರೆಯುತ್ತಾರೆ: ಬೇಕಾದದ್ದು, ಇರುವುದು, ಕೊರತೆ. ‘ಇಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಹಿರಿಯ ನರ್ಸ್ ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. “ಇಲ್ಲ ಅಂದ್ರೆ ಜನ ಸುಮ್ನೆ ಕೂತ್ಬಿಡ್ತಾರೆ ಸಿಸ್ಟರ್. ಕೊರತೆ ಮೂರು ಅನ್ನಿ, ಎದ್ದು ಮೂರು ಜನರನ್ನ ಹುಡುಕ್ತಾರೆ.” ಆಕಳಿಸುವ ಡಾಕ್ಟರನ್ನು ಕಂಡರೆ “ನಿದ್ದೆ ಎರಡು ಗಂಟೆ ಕೊರತೆ” ಎನ್ನುತ್ತಾರೆ; ಊಟದ ಡಬ್ಬಿ ತೆರೆದು ಒಂದು ತುತ್ತು ತಿಂದರೆ “ಉಪ್ಪು ಕಾಲು ಚಮಚ ಕೊರತೆ.” “ನಾಲಿಗೆಗೂ ತಕ್ಕಡಿ ಕಟ್ಕೊಂಡಿದ್ದೀರಾ ನೀವು?” ಎಂದು ನರ್ಸ್ ನಗುತ್ತಾರೆ. ಒಂದು ಮಧ್ಯಾಹ್ನ, ಚಿಕ್ಕಂದಿನಲ್ಲಿ ಟೆಕ್ನಿಷಿಯನ್ನರನ್ನು ಎತ್ತಿ ಆಡಿಸಿದ ಅವರ ಅಕ್ಕನನ್ನೇ ಅಪಘಾತವಾಗಿ ಕರೆತಂದರು. ಅಕ್ಕನಿಗೆ ಸಿಕ್ಕಿದ್ದಲ್ಲದೆ ಅದೇ ಗುಂಪಿನ ಇನ್ನೆರಡು ಚೀಲಗಳು ಫ್ರಿಜ್ಜಿನಲ್ಲಿದ್ದವು, ಆದರೆ ಆಗಲೇ ಆಪರೇಷನ್ ಟೇಬಲ್ ಮೇಲಿದ್ದ ಬೇರೊಬ್ಬರ ಹೆಸರಿನಲ್ಲಿ. ನರ್ಸಿನ ಕಣ್ಣು ಅವುಗಳತ್ತ ಹೋಯಿತು. ಟೆಕ್ನಿಷಿಯನ್ನರ ಕೈ ಹೋಗಲಿಲ್ಲ. ಬದುಕುಳಿದ ಅಕ್ಕ, “ನನಗೋಸ್ಕರ ಒಂದು ಹನಿ ಕಣ್ಣೀರು ಹಾಕ್ಲಿಲ್ಲ, ಕಲ್ಲು ಇವನು!” ಎಂದು ಇಂದಿಗೂ ಬೈಯುತ್ತಾರೆ. ಆದರೆ ಅಂದು ಟೆಕ್ನಿಷಿಯನ್ ಫ್ರಿಜ್ ಮುಚ್ಚಿ, ಹೊರಗೆ ಕಾಯುತ್ತಿದ್ದ ಗುರುತಿಲ್ಲದ ಜನರೆದುರು ಕೈಮುಗಿದು ನಿಂತದ್ದನ್ನು ನರ್ಸ್ ನೋಡಿದ್ದರು. ಮೊದಲೆರಡು ಅಂಕಿ ಎಂದಿನಂತೆ ಬಂದವು, ಮೂರನೆಯದಕ್ಕೆ ದನಿ ಒಡೆಯಿತು: “ನಮ್ಮಕ್ಕನಿಗೆ ಬೇಕಾದ್ದು ಆರು, ಇರೋದು ನಾಲ್ಕು, ಕೊರತೆ ಎರಡು.”