ಹೊಗೆಸೊಪ್ಪಿನ ಮನೆಯ ಮಗಳು ಸಿಗರೇಟು ಬಿಡಿಸಿದ್ದು

ಆಸ್ಟ್ರೇಲಿಯಾದಲ್ಲಿ ನನ್ನನ್ನು ಮೊದಲು ಎದುರುಗೊಂಡಿದ್ದು ಒಂದು ಕೊಳೆತ ಕಾಲು. ಬ್ರಿಸ್ಬೇನಿನ ಟೂವಾಂಗ್ ಎಂಬ ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಫ್ಲ್ಯಾಟಿನ ಮೆಟ್ಟಿಲ ಮೇಲೆ, ನಾವು ಬಂದಿಳಿದ ಮರುದಿನ ಬೆಳಿಗ್ಗೆಯೇ, ಕಪ್ಪುಗಟ್ಟಿದ ಐದು ಬೆರಳುಗಳು ನನ್ನನ್ನೇ ನೋಡುತ್ತಾ ಬಿದ್ದಿದ್ದವು. ಮೈಸೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಏನೇನೋ ಕಂಡವಳು ನಾನು. ಆದರೂ ಮನೆಬಾಗಿಲಲ್ಲಿ ಕಂಡರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಕಿರುಚಿಬಿಟ್ಟೆ. ನನ್ನ ಗಂಡ ಮಂಜು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದು, ಅದನ್ನು ಎತ್ತಿ ತಿರುಗಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಖಾಲಿ ಸಿಗರೇಟ್ ಪ್ಯಾಕು, ಕಾಲು ಅದರ ಮೇಲಿನ ಚಿತ್ರ.

ಇಲ್ಲಿ ಎಲ್ಲ ಕಂಪನಿಯ ಸಿಗರೇಟಿಗೂ ಒಂದೇ ಬಣ್ಣದ ಪ್ಯಾಕು. ಸಗಣಿ ಕದಡಿದಂಥ ಬಣ್ಣ. ಹೆಸರು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಉಳಿದ ಜಾಗವೆಲ್ಲ ಕೊಳೆತ ಕಾಲಿಗೆ, ಕುರುಡಾದ ಕಣ್ಣಿಗೆ, ಕರಿಗಟ್ಟಿದ ಶ್ವಾಸಕೋಶಕ್ಕೆ. ಅಂಗಡಿಯಲ್ಲಿ ಅದನ್ನು ಕಣ್ಣಿಗೆ ಬೀಳುವ ಹಾಗೆ ಇಡುವಂತಿಲ್ಲ. ಮುಚ್ಚಿದ ಕಪಾಟಿನಲ್ಲಿರುತ್ತದೆ, ಹೆಸರು ಹೇಳಿ ಕೇಳಬೇಕು. ನಮ್ಮ ಕಡೆ ಪೆಟ್ಟಿಗೆ ಅಂಗಡಿಯಲ್ಲಿ ಬಾಳೆಗೊನೆಯ ಪಕ್ಕದಲ್ಲೇ ಬಣ್ಣಬಣ್ಣದ ಪ್ಯಾಕುಗಳನ್ನು ಗೊಂಬೆ ಕೂರಿಸಿದ ಹಾಗೆ ಜೋಡಿಸಿ, ಹಚ್ಚಿಕೊಳ್ಳುವವರಿಗೆ ಅನುಕೂಲವಾಗಲೆಂದು ಹೊಗೆಯಾಡುವ ಹಗ್ಗವನ್ನೂ ನೇತುಹಾಕಿರುತ್ತಾರೆ. ಎಂಥ ಉಪಚಾರ!

ನನಗೆ ಆ ದಿನ ಬೇರೆಯವರಿಗಿಂತ ಎರಡು ಪಟ್ಟು ಗಲಿಬಿಲಿಯಾಗಲು ಕಾರಣವಿತ್ತು. ನಾನು ಹುಣಸೂರು ಕಡೆಯ ಹೊಗೆಸೊಪ್ಪಿನ ಮನೆಯವಳು. ನಮ್ಮಲ್ಲಿ ಸೊಪ್ಪು ಎಂದರೆ ದಂಟೂ ಅಲ್ಲ, ಮೆಂತ್ಯವೂ ಅಲ್ಲ, ತಂಬಾಕು. ಹೊಲದ ಬದಿಯಲ್ಲಿ ಬ್ಯಾರನ್ ಎಂಬ ಎತ್ತರದ ಕಟ್ಟಡ. ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಅದರೊಳಗೆ ಅಟ್ಟಣಿಗೆ ಅಟ್ಟಣಿಗೆಯಾಗಿ ತೂಗುಹಾಕಿ, ಕೆಳಗೆ ಸೌದೆ ಉರಿಸಿ, ದಿನಗಟ್ಟಲೆ ಹದವಾಗಿ ಬೇಯಿಸುತ್ತಾರೆ. ಕೊನೆಗೆ ಬಾಗಿಲು ತೆಗೆದಾಗ ಹೊಮ್ಮುವ ಆ ಸಿಹಿವಾಸನೆ ಇದೆಯಲ್ಲ, ಅದೇ ನನ್ನ ತವರಿನ ವಾಸನೆ. ನನ್ನ ಸ್ಕೂಲು, ನರ್ಸಿಂಗ್ ಕಾಲೇಜು, ಮದುವೆ ಎಲ್ಲವೂ ನಡೆದದ್ದು ಸೊಪ್ಪಿನಿಂದ. ಆ ಪ್ಯಾಕು ನೋಡಿ ಮೊದಲು ನನಗೆ ಬಂದದ್ದು ಸಿಟ್ಟು. ನಮ್ಮಪ್ಪ ಮಗುವಿನ ಹಾಗೆ ಸಾಕುವ ಸೊಪ್ಪಿಗೆ ಇಲ್ಲಿ ಈ ಮರ್ಯಾದೆಯೇ!

ಹಣೆಬರಹ ನೋಡಿ, ಅಂಥ ನನಗೇ ಪಕ್ಕದೂರು ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಸಿಕ್ಕಿದ್ದು ರೋಗಿಗಳಿಂದ ಸಿಗರೇಟು ಬಿಡಿಸುವ ಕೆಲಸ. ಅಷ್ಟು ಹೊತ್ತಿಗೆ ನಾವು ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ಗೆ ಮನೆ ಬದಲಾಯಿಸಿದ್ದೆವು. ತೋಡಿ ಮಾಡಿದ ಕೆರೆಗಳು, ಅಚ್ಚಿನಲ್ಲಿ ಒತ್ತಿದಂಥ ಮನೆಗಳು, ಬೀದಿಗೆ ಎರಡಾದರೂ ರಂಗೋಲಿ ಬಾಗಿಲುಗಳಿರುವ ಊರು. ಅಲ್ಲಿಗೆ ಬಂದ ಮೇಲೆ ಒಂಟಿತನ ಅರ್ಧಕ್ಕರ್ಧ ಇಳಿಯಿತು. ಕರಿಬೇವು ಕೇಳಲು ಒಂದು ಬಾಗಿಲು, ಅಳಲು ಇನ್ನೊಂದು ಬಾಗಿಲು ಸಿಕ್ಕವು. ಭಾಷೆ ಮಾತ್ರ ಸ್ವಲ್ಪ ಕಾಡಿತು. ಕೆಲಸದ ನಡುವಿನ ಚಹಾ ವಿರಾಮಕ್ಕೆ ಇವರು 'ಸ್ಮೋಕೋ' ಎನ್ನುತ್ತಾರೆ. ಸೇದದವರೂ ಸ್ಮೋಕೋಗೆ ಹೋಗುತ್ತಾರೆ. ಸಿಗರೇಟು ಬಿಡಿಸುವ ನಾನೂ ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಚಕ್ಕುಲಿ ತೆಗೆದುಕೊಂಡು ಸ್ಮೋಕೋಗೆ ಹೋಗುತ್ತಿದ್ದೆ.

ಆಸ್ಪತ್ರೆಯ ಆವರಣದಲ್ಲಿ ಸೇದುವಂತಿಲ್ಲ, ಗೇಟಿನಿಂದಲೂ ದೂರ ಹೋಗಬೇಕು. ಡ್ರಿಪ್ ಸ್ಟ್ಯಾಂಡನ್ನು ಉರುಳಿಸಿಕೊಂಡು, ಹಿಂದೆ ಬಿಚ್ಚಿಕೊಳ್ಳುವ ಆಸ್ಪತ್ರೆ ಗೌನನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಹೊರಡುವ ಅಜ್ಜಂದಿರನ್ನು ತಡೆದು ಮಾತಾಡಿಸುವುದೇ ನನ್ನ ಕಾಯಕ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಅಗಿಯುವ ಗಮ್, ಒಂದಷ್ಟು ಹರಟೆ. "ಎಲ್ಲಿಂದ ಬಂದೆ, ಲವ್?" ಎಂದು ಅವರು ಕೇಳಿದರೆ, "ನೀವು ಸೇದೋದನ್ನ ಬೆಳೆಯೋ ಕಡೆಯಿಂದ" ಎನ್ನುತ್ತಿದ್ದೆ. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕವರು ಅರ್ಧ ದಾರಿಗೆ ಬಂದ ಹಾಗೆಯೇ.

ಆಮೇಲೆ ವೇಪ್ ಬಂತು. ಬ್ಯಾಟರಿ ಕೊಳವೆಯಲ್ಲಿ ನಿಕೋಟಿನ್ ಬೆರೆಸಿದ ದ್ರವವನ್ನು ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟು. ಆಗ ಇಲ್ಲಿಯ ಕಾನೂನು ವಿಚಿತ್ರವಾಗಿತ್ತು. ಕ್ವೀನ್ಸ್‌ಲ್ಯಾಂಡಿನಲ್ಲಿ ಕೊಳವೆ ಅಂಗಡಿಯಲ್ಲಿ ಸಿಗುತ್ತಿತ್ತು, ನಿಕೋಟಿನ್ ದ್ರವ ಸಿಗುತ್ತಿರಲಿಲ್ಲ. ಬೇಕಾದರೆ ಡಾಕ್ಟರ ಚೀಟಿ ಪಡೆದು ಹೊರದೇಶದಿಂದ ತರಿಸಿಕೊಳ್ಳಬೇಕಿತ್ತು. ಪರ್ತ್‌ನಲ್ಲಿರುವ ಗೆಳತಿ ಹೇಳಿದಳು, ಅವರ ಕಡೆ ಕೊಳವೆ ಮಾರುವುದಕ್ಕೂ ಅಡ್ಡಿಯಂತೆ. ಕೊಲ್ಲುವ ಸಿಗರೇಟು ಮಾತ್ರ ಎಲ್ಲ ಕಡೆ ಸಿಗುತ್ತದೆ! ನಮ್ಮ ವಾರ್ಡಿನಲ್ಲೂ ಎರಡು ಪಕ್ಷ. ಬಾವಿಗೆ ಬಿದ್ದವನಿಗೆ ಸಿಕ್ಕ ಹಗ್ಗ ಎಸೆಯಿರಿ ಎಂದು ಒಬ್ಬ ಡಾಕ್ಟರ್. ಹಗ್ಗ ಗಟ್ಟಿಯೋ ಲಡ್ಡೋ ಇನ್ನೂ ಗೊತ್ತಿಲ್ಲ, ಜೊತೆಗೆ ಹಗ್ಗದಾಟ ಆಡಲು ಮಕ್ಕಳೂ ಬಾವಿಕಟ್ಟೆ ಹತ್ತಿದರೆ ಏನು ಗತಿ ಎಂದು ಇನ್ನೊಬ್ಬರು. ನನಗೆ ಇಬ್ಬರ ಮಾತೂ ಸರಿಯೆನಿಸುತ್ತಿತ್ತು. ಆದರೆ ಬಾವಿಯಲ್ಲಿದ್ದವನು ನನ್ನ ಗಂಡನೇ. ಕಾಲೇಜಿನಿಂದ ಸೇದುತ್ತಿದ್ದ ಮಂಜು ಪಟ್ಟಿ, ಗಮ್ ಎಲ್ಲವನ್ನೂ ಸೋಲಿಸಿದ್ದ. ಕೊನೆಗೆ ನಮ್ಮ ಡಾಕ್ಟರು ಚೀಟಿ ಬರೆದರು, ಅಂಚೆಯಲ್ಲಿ ಮಾವಿನ ಪರಿಮಳದ ಬಾಟಲಿ ಬಂತು, ಸಿಗರೇಟು ಹೋಯಿತು. ಮನೆಯೆಲ್ಲ ಸೀಕರಣೆಯ ವಾಸನೆ. ನಾನು ಬಾಯಿ ಮುಚ್ಚಿಕೊಂಡು ಮನೆದೇವರಿಗೆ ತುಪ್ಪದ ದೀಪ ಹಚ್ಚಿದೆ.

ಇಷ್ಟು ಚೆನ್ನಾಗಿರುವಾಗ ಅಪ್ಪ ಬಂದರು. ನಾವು ಇಲ್ಲಿಗೆ ಬಂದ ಹೊಸದರಲ್ಲೇ ಅಮ್ಮ ಹೋಗಿ ವರ್ಷಗಳಾಗಿತ್ತು. ಅಣ್ಣನ ಸಂಸಾರದ ಜೊತೆ ಊರಲ್ಲಿ ಗಟ್ಟಿಮುಟ್ಟಾಗಿದ್ದ ಅಪ್ಪನಿಗೆ ಇದ್ದಕ್ಕಿದ್ದಂತೆ ಎದೆನೋವು ಬಂದು, ಮೈಸೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಸಿಗರೇಟು ಮುಟ್ಟಿದರೆ ಮತ್ತೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಗದರಿದ್ದರಂತೆ. ಸುತ್ತಲೂ ಸೊಪ್ಪು, ಬಾಯಿಗೊಂದು ಸಿಗರೇಟು ಚಾಚುವ ಸ್ನೇಹಿತರು. ಅಲ್ಲಿದ್ದರೆ ಬಿಡುವುದು ಕನಸಿನ ಮಾತು. ಮುಂದಿನ ಸಸಿಮಡಿಯ ಕೆಲಸ ಶುರುವಾಗುವವರೆಗೆ ಇಲ್ಲಿಟ್ಟುಕೊಂಡು, ಬಿಡಿಸಿಯೇ ಕಳಿಸುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟು ಕರೆಸಿಕೊಂಡೆ. "ವಿಮಾನ ಅತ್ತಾಗ್ಲೇ ಬುಟ್ಬುಟ್ಟೆ ಕನವ್ವ" ಎಂದು ಅಪ್ಪ ಏರ್‌ಪೋರ್ಟಿನಲ್ಲಿಯೇ ತಲೆ ಸವರಿದರು. ನಾನು ನಂಬಿದೆ. ದಿನಾ ಇಂಥ ಮಾತುಗಳನ್ನು ಕೇಳುವವಳು ನಂಬಿದೆ ನೋಡಿ!

ಇನ್ನು ಮಾವ ಅಳಿಯನ ಮರ್ಯಾದೆ. ಹಿರಿಯರೆದುರು ಸೇದಬಾರದು ಎಂಬುದು ನಮ್ಮವರ ರಕ್ತದಲ್ಲೇ ಇದೆಯಲ್ಲ. ಹಿಂದಿನಿಂದ 'ಲೋ ಮಂಜು' ಎನ್ನುವ ನಾನೇ ಅಪ್ಪನ ಮುಂದೆ 'ರೀ' ಎನ್ನುತ್ತಿದ್ದೆ, ಅಂದಮೇಲೆ ಅವನ ಪಾಡೇನು? ವೇಪ್ ಎಳೆದರೆ ಮೋಡದಂಥ ಆವಿ, ಜೊತೆಗೆ ಮಾವಿನ ವಾಸನೆ. ಮಾವನಿರುವ ಮನೆಯಲ್ಲಿ ಬಚ್ಚಿಡುವುದು ಹೇಗೆ? ಕೊಳವೆಯನ್ನು ಬಟ್ಟೆಯಡಿಗೆ ತಳ್ಳಿ ಧೀರನಂತೆ ಓಡಾಡಿದ.

ಒಂದು ಶನಿವಾರ ಮಧ್ಯಾಹ್ನ, ಇಲ್ಲಿಯವರ ಬಾಯಲ್ಲಿ 'ಆರ್ವೋ', ಅಕ್ಕಪಕ್ಕದವರನ್ನು ಬಾರ್ಬಿಗೆ ಕರೆದಿದ್ದೆವು. ಹಿತ್ತಲಲ್ಲಿ ಗ್ಯಾಸಿನ ಒಲೆಯಿಟ್ಟು ಸುಟ್ಟು ತಿನ್ನುವ ಊಟವದು. ಅವರದು ಸಾಸೇಜು, ನಮ್ಮದು ಪನೀರು, ಮುಸುಕಿನ ಜೋಳ. ನೆರೆಯವರು ಬರುವ ಮೊದಲು ಮಡಚುವ ಕುರ್ಚಿ ತರಲೆಂದು ಗ್ಯಾರೇಜಿಗೆ ಹೋಗಿ ಕಾರಿನ ಹಿಂದೆ ಬಗ್ಗಿದ್ದೆ. ಪಕ್ಕದ ಬಾಗಿಲು ಕಿರ್ ಎಂದಿತು. ಅಪ್ಪ! ಸೀದಾ, ಇನ್ನೂ ಹಿತ್ತಲಿಗೆ ಸಾಗಿಸದ ಬಾರ್ಬಿ ಒಲೆಯ ಕೆಳಗಿನ ಗೂಡಿಗೆ ಕೈಹಾಕಿ, ಕೊಳೆತ ಕಾಲಿನ ಪ್ಯಾಕು ತೆಗೆದು, ಒಂದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. ಅಷ್ಟರಲ್ಲಿ ಒಳಬಾಗಿಲು ತೆರೆದು ಮಂಜು ಇಣುಕಿದ. ಮಾವನ ಬೆನ್ನು ಕಂಡದ್ದೇ ತಡ, ತುದಿಗಾಲಲ್ಲಿ ಹಿಂದೆ ಸರಿದು, ಮದುಮಗಳು ಬಾಗಿಲು ಹಾಕಿಕೊಳ್ಳುವಷ್ಟು ಮೆಲ್ಲಗೆ ಬಾಗಿಲು ಹಾಕಿದ.

ಅಪ್ಪ ಹೊರಗೆ ಹೋದ ಮೇಲೆ ಮಂಜು ಮತ್ತೆ ಬಂದ. ಪ್ಯಾಕು ತೆರೆದು ನೋಡಿ, ತಲೆಯಾಡಿಸಿ, ಜೇಬಿನಿಂದ ಹೊಸದೊಂದು ತೆಗೆದು ಅದರ ಪಕ್ಕದಲ್ಲಿಟ್ಟ. ನಾನು ಕುರ್ಚಿ ಹಿಡಿದುಕೊಂಡೇ ಎದ್ದು ನಿಂತೆ.

"ಅಯ್ಯೋ, ನೀನಾ! ಮೆಲ್ಲಗೆ, ಮಾವಂಗೆ ಕೇಳ್ಸುತ್ತೆ."

"ನೀನು ಮತ್ತೆ ಶುರು ಹಚ್ಕೊಂಡ್ಯಾ?"

"ವೇಪ್ ಎಲ್ಲೇ ಸೇದ್ಲಿ? ಕೆಲಸದಲ್ಲಿ ಸ್ಮೋಕೋ ಟೈಮಲ್ಲಿ ಒಬ್ಬ ಒಂದು ಕೊಟ್ಟ. ಹಂಗೇ ಆಗೋಯ್ತು. ಇಲ್ಲಿ ಬಚ್ಚಿಟ್ರೆ ದಿನಾ ಒಂದೆರಡು ಕಮ್ಮಿ ಆಗ್ತಿತ್ತು. ಮಾವ ಅಂತ ಗೊತ್ತಾಯ್ತು."

"ಗೊತ್ತಾದ್ಮೇಲೂ ತುಂಬಿಸ್ತಿದೀಯಲ್ಲೋ! ಅವರ ಎದೇಲಿ ಸ್ಟೆಂಟ್ ಇದೆ!"

"ಖಾಲಿ ಆದ್ರೆ ಪಾಪ, ಏನ್ ಮಾಡ್ತಾರೆ? ಸರ್ವೋಗೆ ನಡ್ಕೊಂಡು ಹೋಗಿ ಬೇಡೋಕಾಗುತ್ತಾ? ಮನೆಗೆ ಬಂದಿರೋ ಹಿರಿಯರು. ಕೇಳೋ ಹಾಗಿಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ."

ಸರ್ವೋ ಎಂದರೆ ಪೆಟ್ರೋಲ್ ಬಂಕು, ಸಿಗರೇಟು ಮಾರುವ ಜಾಗ. ಅಂದರೆ, ಇಪ್ಸ್‌ವಿಚ್ಚಿನ ಅಜ್ಜಂದಿರನ್ನೆಲ್ಲ ಗೇಟಿನಲ್ಲಿ ಅಡ್ಡಗಟ್ಟುವ ನನ್ನ ಮನೆಯಲ್ಲೇ ಮಾವನಿಗೆ ಅಳಿಯನಿಂದ ಸಿಗರೇಟಿನ ನಿತ್ಯಸೇವೆ! ದೀಪದ ಬುಡದಲ್ಲಿ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನನಗೆ ನಗು ಬಂತು.

ಎರಡು ಕುರ್ಚಿ ಹಿತ್ತಲಲ್ಲಿ ಹಾಕಿ ಇಬ್ಬರನ್ನೂ ಕೂರಿಸಿದೆ. ಅಪ್ಪ ಕಿವಿಯಲ್ಲಿದ್ದುದನ್ನು ಮರೆತೇ ಬಂದಿದ್ದರು. ಅಳಿಯನ ಕಣ್ಣು ಅಲ್ಲಿಗೆ ಹೋದದ್ದು ಕಂಡು ಸರಕ್ಕನೆ ಮುಷ್ಟಿಯೊಳಗೆ ಮುಚ್ಚಿಕೊಂಡರು.

"ತಪ್ಪು ತಿಳ್ಕೋಬ್ಯಾಡಿ ಅಳಿಯಂದ್ರೇ. ಯಾರ್ದೋ ಬುಟ್ಟೋಗಿರೋದು ಅಂದ್ಕಂಡಿದ್ದೆ."

"ಪರವಾಗಿಲ್ಲ ಮಾವ, ನಾನೂ ಯಾರದೋ ಇರಬೇಕು ಅಂತಲೇ..."

"ಯಾರದೋ ಅಂತೆ ಯಾರದೋ! ಕಾಂಗರೂ ತಂದಿಟ್ಟಿತ್ತಾ?" ಎಂದು ಕೂಗಿದೆ. ಆಮೇಲೆ ಬೈಯಬೇಕೆಂದು ತೆರೆದ ಬಾಯಲ್ಲಿ ಅಳು ಬಂದುಬಿಟ್ಟಿತು. "ಅಪ್ಪಾ, ನಿಂಗೇನಾದ್ರೂ ಆದ್ರೆ ನಾನು ಇಲ್ಲಿಂದ ಹೊರಟು ಬರೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ. ಅಮ್ಮನ ಮುಖಾನೂ ನಾನು ನೋಡಲಿಲ್ಲ. ನಿನ್ನ ಮುಖಾನೂ ಫೋನಲ್ಲೇ ನೋಡ್ಬೇಕಾ?"

ದೂರದೇಶದಲ್ಲಿರುವ ಎಲ್ಲರ ಹೊಟ್ಟೆಯಲ್ಲೂ ಈ ಭಯ ಇರುತ್ತದೆ. ಬಾಯಿಬಿಟ್ಟು ಆಡಿದ್ದು ನಾನು ಅದೇ ಮೊದಲು. ಅಪ್ಪ ಮುಷ್ಟಿ ಬಿಚ್ಚಿ, ಮುರಿದುಹೋಗಿದ್ದ ಸಿಗರೇಟನ್ನು ನನ್ನ ಕೈಗೆ ಹಾಕಿದರು. "ಆಯ್ತು ಕನವ್ವ. ಆಸ್ಪತ್ರೆ ಜನಕ್ಕೆ ಏನ್ ಮಾಡ್ತೀಯೋ ನಂಗೂ ಮಾಡು" ಎಂದರು.

ಡಾಕ್ಟರನ್ನು ಕೇಳಿ ಅಪ್ಪನಿಗೆ ಪಟ್ಟಿ ಶುರುಮಾಡಿದೆ. ಆದರೆ ಒಂದು ಷರತ್ತು ಹಾಕಿದೆ. ಅಳಿಯ ಮತ್ತೆ ವೇಪಿಗೆ ಬರಬೇಕು, ಅದೂ ಮಾವನೆದುರೇ ಕೂತು ಎಳೆಯಬೇಕು. ಬಚ್ಚಿಟ್ಟುಕೊಳ್ಳುವುದು ಉಳಿದರೆ ಸಿಗರೇಟೂ ಉಳಿಯುತ್ತದೆ. ಮಂಜು ಬೆವರಿದ. ಕೊಳವೆಯನ್ನು ತುಟಿಯವರೆಗೆ ತರುವುದು, ಮಾವನ ಮುಖ ನೋಡುವುದು, ಇಳಿಸುವುದು. ಕೊನೆಗೆ ಅಪ್ಪನೇ, "ಸೇದಿ, ಸೇದಿ. ಔಸ್ದಿ ಅಂದ್ಕಂಡು ಸೇದಿ. ಬೇಕಾರೆ ನಾ ಆ ಕಡೀಕ್ ತಿರೀಕ್ಕತೀನಿ" ಎಂದು ಕುರ್ಚಿ ತಿರುಗಿಸಿ ಕೂತರು. ಮಂಜು ಕಣ್ಣು ಮುಚ್ಚಿ ಎಳೆದ. ಮಾವಿನ ಮೋಡ ಎದ್ದಿತು.

"ಇದ್ರೊಳಗೆ ಸೊಪ್ಪೇ ಇಲ್ವಂತಲ್ಲವ್ವ? ಲೋಕವೆಲ್ಲ ಇದ್ನೇ ಸೇದುದ್ರೆ ನಮ್ ಗತಿ?" ಎಂದು ಅಪ್ಪ ಬೆನ್ನು ಹಾಕಿಕೊಂಡೇ ಕೇಳಿದರು.

"ಇದರ ನಿಕೋಟಿನ್ನೂ ಸೊಪ್ಪಿಂದಲೇ ತೆಗಿಯೋದು ಅಪ್ಪ."

"ಅಂಗಾರೆ ಸರಿ ಬುಡು."

ಮೊದಲ ಕೆಲವು ವಾರ ಅಪ್ಪನ ಜೊತೆ ಬಾಳುವುದು ಕಷ್ಟವಾಯಿತು. ಸಾರಿಗೆ ಉಪ್ಪಿಲ್ಲ ಎಂದರು, ಅದನ್ನೇ ಮರುಗಳಿಗೆ ಉಪ್ಪು ಜಾಸ್ತಿ ಎಂದರು. ಕೆರೆ ದಂಡೆಯಲ್ಲಿ ಕಸದ ಡಬ್ಬಿ ಕೆದಕುವ ಉದ್ದಕೊಕ್ಕಿನ ಹಕ್ಕಿಗಳಿಗೆ ದಿನಾ ಹುಣಸೂರು ಭಾಷೆಯಲ್ಲಿ ಬೈದು ಬರುತ್ತಿದ್ದರು. ಜೊತೆಗೆ ಹೋಗುತ್ತಿದ್ದವನು ಮಂಜು. ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು. ಆದರೆ ಮದುವೆಯಾದಾಗಿನಿಂದ 'ಊಟ ಆಯ್ತಾ' ಎನ್ನುವುದನ್ನು ದಾಟದಿದ್ದ ಇಬ್ಬರು, ನಗುತ್ತಾ ಗೇಟು ತೆರೆಯುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುವುದೇ ನನಗೆ ಹಬ್ಬವಾಗಿತ್ತು. ಊರಿಗೆ ಹೊರಡುವ ಹೊತ್ತಿಗೆ ಅಪ್ಪ ಪಟ್ಟಿಯನ್ನೂ ಬಿಟ್ಟಿದ್ದರು. ಮಂಜು ವೇಪನ್ನು ಬಿಡಲಿಲ್ಲ. ಇರಲಿ, ಬಾವಿಯಿಂದ ಅರ್ಧ ಮೇಲೆ ಬಂದವನನ್ನು ಬೈದರೆ ಕೈ ಜಾರೀತು.

ಆದರೆ ನನ್ನ ನಿಜವಾದ ಹೆದರಿಕೆ ಇದ್ದದ್ದು ಆಮೇಲಿನ ದಿನಗಳ ಬಗ್ಗೆ. ಸಿಗರೇಟನ್ನು ಬೀರುವಿನಲ್ಲಿ ಅಡಗಿಸುವ ದೇಶದಲ್ಲಿ ಬಿಡುವುದು ಒಂದು ಮಾತು, ಸೊಪ್ಪಿನ ನಡುವೆ ಬಿಟ್ಟಿರುವುದು ಇನ್ನೊಂದು. ಸಸಿ ನೆಟ್ಟರು ಎಂದು ಸುದ್ದಿ ಬಂತು, ಎಲೆ ಮುರಿಯುತ್ತಿದ್ದಾರೆ ಎಂದು ಬಂತು. ಬೇಯಿಸುವ ಕಾಲಕ್ಕೆ ಅಪ್ಪ ರಾತ್ರಿಹಗಲು ಬ್ಯಾರನ್ನಿನ ಬಾಗಿಲಲ್ಲೇ ಇರುತ್ತಾರೆ. ಕೇಳಲು ನನಗೆ ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅಪ್ಪನೇ ವಿಡಿಯೋ ಕರೆ ಮಾಡಿದರು. ಅಲ್ಲಿನ್ನೂ ನಡುರಾತ್ರಿ, ಹಿಂದೆ ಬಲ್ಬಿನ ಬೆಳಕಿನಲ್ಲಿ ತೆರೆದ ಬ್ಯಾರನ್ನು, ಹಳದಿ ಎಲೆಯ ಸಾಲು. ನಾನು ಕೇಳುವ ಮೊದಲೇ, "ಇಲ್ಲ ಕನವ್ವ, ಮುಟ್ಟಿಲ್ಲ. ನಿಮ್ಮಣ್ಣನ್ನ ಕೇಳು ಬೇಕಾರೆ" ಎಂದರು. ಪಕ್ಕದಿಂದ ಅಣ್ಣ, "ನಿಜ ಕನೆ. ಸೇದೋರು ಬಂದ್ರೆ ಇವ್ರೇ ಎದ್ದೋಯ್ತಾರೆ" ಎಂದ. ಅಪ್ಪನ ಮುಖ ತುಂಬಿಕೊಂಡಿತ್ತು, ಉಸಿರು ಸಲೀಸಾಗಿತ್ತು. "ಈ ಸಲ ಸೊಪ್ಪು ಚೆಂದಾಗ್ ಬೆಂದದೆ. ಅರಾಜಲ್ಲಿ ಒಳ್ಳೆ ರೇಟ್ ಬರ್ಲಿ ಅಂತ ನಿಮ್ ದೇವ್ರಿಗೊಂದ್ ದೀಪ ಅಚ್ಚವ್ವ" ಎಂದರು.

ಹಚ್ಚಿದೆ. ಅಪ್ಪನ ಸೊಪ್ಪೆಲ್ಲ ಒಳ್ಳೆಯ ಬೆಲೆಗೆ ಮಾರಿಹೋಗಲಿ ಎಂದು ಕೈಮುಗಿದೆ. ಆಮೇಲೆ ರೈಲು ಹಿಡಿದು ಇಪ್ಸ್‌ವಿಚ್ಚಿಗೆ ಹೋಗಿ, ಗೇಟಿನ ಹತ್ತಿರ ನಿಂತು, ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಬರುತ್ತಿದ್ದ ಅಜ್ಜನೊಬ್ಬನ ಕೈ ಹಿಡಿದು, ಇವತ್ತೊಂದು ದಿನ ಸೇದಬೇಡಿ ಎಂದು ಬೇಡಿಕೊಂಡೆ. ಎರಡನ್ನೂ ಮನಸಾರೆ ಮಾಡಿದೆ.