ಒಳಬದಿಯ ಇಪ್ಪತ್ಮೂರು ಮಿಲಿಮೀಟರ್

ಸಮರ್‌ಸೆಟ್‌ನ ಟೈರ್ ಅಂಗಡಿಯಲ್ಲಿ ಹದಿನಾರು ವರ್ಷ ದುಡಿದ ಅಶ್ವತ್ಥನಾರಾಯಣ ಹೊಸ ಗಾಲಿ ಕೈಗೆ ಬಂದರೆ ಅದರ ಮುಖ ನೋಡುತ್ತಿರಲಿಲ್ಲ. ಮಗುಚಿ ಬೆನ್ನು ನೋಡುತ್ತಿದ್ದರು. ಅಲ್ಲಿ, ಕಡ್ಡಿಗಳ ಹಿಂದೆ, ಎರಕದಲ್ಲೇ ಮೂಡಿದ ಸಂಖ್ಯೆಗಳಿರುತ್ತವೆ. ರಿಮ್ ಎಷ್ಟು ಇಂಚು ಅಗಲ ಎಂಬುದು ಒಂದು. ಇನ್ನೊಂದು, ಇಟಿ ಎಂಬ ಎರಡಕ್ಷರದ ಮುಂದಿನ ಅಂಕಿ. ಅದೇ ಆಫ್‌ಸೆಟ್: ರಿಮ್ಮಿನ ನಟ್ಟನಡುವಿನಿಂದ ಬೋಲ್ಟ್ ಕೂರುವ ಮೈ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಅಳತೆ. ಅದು ಹೆಚ್ಚಿದಷ್ಟೂ ಗಾಲಿ ಕಾರಿನ ಒಳಕ್ಕೆ ಸರಿಯುತ್ತದೆ.

“ಎಲ್ರೂ ಶೈನಿಂಗ್ ನೋಡಿದ್ರೆ ನೀವು ಬೆನ್ನು ನೋಡ್ತೀರಲ್ಲ ಅಂಕಲ್,” ಎಂದು ಅಂಗಡಿಯ ಹುಡುಗರು ರೇಗಿಸುತ್ತಿದ್ದರು.

“ಮುಖ ಎಲ್ಲಾನೂ ಹೇಳಲ್ಲ ಕಣಯ್ಯಾ,” ಎನ್ನುತ್ತಿದ್ದರು ಅವರು.

ಪರದೇಶದ ಆ ಕನ್ನಡ ಕೂಟದ ಊಟಗಳಲ್ಲಿ ವೀಸಾ, ಪ್ರಾಜೆಕ್ಟುಗಳ ಮಾತು ಶುರುವಾದರೆ ಅವರು ತಟ್ಟೆ ಹಿಡಿದು ಗೋಡೆಯ ಪಕ್ಕ ಸರಿಯುತ್ತಿದ್ದರು. ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹಾಗಾಗಿ ಪ್ಲೇನ್ಸ್‌ಬರೋದ ಶಿವಪ್ರಸಾದ್, “ಅಂಕಲ್, ಶನಿವಾರ ಬೆಳಿಗ್ಗೆ ಮನೆಗೇ ಬಂದು ಅಲಾಯ್ ವೀಲ್ಸ್ ಹಾಕಿಕೊಡಿ, ತಿಂಡಿ ನಮ್ಮನೇಲೇ,” ಎಂದಾಗ ಅವರು ಹಿಗ್ಗಿದರು. ಊರಿಗೆ ಮರಳುತ್ತಿದ್ದ ಒಂದು ಕುಟುಂಬ ವಾಟ್ಸಾಪ್ ಗುಂಪಿನಲ್ಲಿ ಮಾರಲು ಹಾಕಿದ್ದ ಗಾಲಿಗಳವು. ಟೈರ್ ಸಮೇತ, ‘ಸೇಮ್ ಸೈಜ್’ ಎಂಬ ಭರವಸೆ ಸಮೇತ.

ಅವರು ಹೋಗುವಷ್ಟರಲ್ಲಿ ಶಿವಪ್ರಸಾದನ ತಾಯಿ ಶಿವಲಿಂಗಮ್ಮ ನಾಲ್ಕೂ ಗಾಲಿಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮಡಿಬಟ್ಟೆಯ ಮೇಲೆ ಅಂಗಾತ ಮಲಗಿಸಿದ್ದರು. ಅಶ್ವತ್ಥನಾರಾಯಣ ಒಂದನ್ನು ಮಗುಚಲು ಬಾಗಿದರು.

“ಅಯ್ಯೋ, ಬೋರಲು ಹಾಕ್ಬೇಡ ಕಣಪ್ಪ! ಪೂಜೆ ಆಗೈತೆ. ಒಂಬತ್ತಕ್ಕೆ ರಾಹುಕಾಲ ಬೇರೆ.”

“ಒಂದ್ಸಲ ನಂಬರ್ ನೋಡ್ಬಿಡ್ತೀನಿ ತಾಯಿ. ಆಮೇಲೆ ಒಂದು ರೌಂಡ್ ಓಡಿಸಿ...”

“ಪೂಜೆಯಾದ ಗಾಲಿ ಮೊದಲು ದೇವಸ್ಥಾನಕ್ಕೇ ಉರುಳಬೇಕು. ನೀನು ನಮ್ಮ ಮನೆ ಮಗ ಇದ್ದಂಗೆ, ನಿಂಗೆ ಗೊತ್ತಿಲ್ವೇ?”

ಆ ಮಾತಿಗೆ ಅವರು ಕರಗಿಹೋದರು. ಗಾಲಿ ಎತ್ತಿ ಕೂರಿಸುವಾಗಲಾದರೂ ಬೆನ್ನು ನೋಡಬಹುದಿತ್ತು. ನೋಡಲಿಲ್ಲ. ಬೋಲ್ಟ್‌ಗಳು ಸರಿಯಾಗಿ ಕೂತವು, ಜಾಕ್ ಮೇಲೆ ಗಾಲಿ ಸಲೀಸಾಗಿ ತಿರುಗಿತು. ಒಂಬತ್ತಕ್ಕೆ ಎಂಟು ನಿಮಿಷವಿರುವಾಗ ಕಾರು ನಿಂಬೆಹಣ್ಣು ಜಜ್ಜಿಕೊಂಡು ಹೊರಟಿತು.

ಹನ್ನೊಂದನೆಯ ದಿನ ಶಿವಪ್ರಸಾದನ ಹೆಂಡತಿ ಬಿಂದುಶ್ರೀ ಆರು ವರ್ಷದ ಮಗಳು ಸನ್ನಿಧಿಯನ್ನು ಡ್ಯಾನ್ಸ್ ಕ್ಲಾಸಿನಿಂದ ಕರೆತರುವಾಗ ರೂಟ್ ಒನ್ ಹೆದ್ದಾರಿಯಲ್ಲಿ ಮುಂದಿನ ಎಡ ಟೈರ್ ಸಿಡಿಯಿತು. ಕಾರು ರಸ್ತೆಯ ನಡುಗೋಡೆಗೆ ಬಡಿಯಿತು. ಬಿಂದುಶ್ರೀಯ ಕೈ ಮುರಿಯಿತು. ಮಗುವಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನವೇ ಇಲ್ಲವಾಯಿತು.

ಟೋ ಮಾಡಿದ ಕಾರನ್ನು ನಿಲ್ಲಿಸಿದ್ದ ಯಾರ್ಡಿಗೆ ಅಶ್ವತ್ಥನಾರಾಯಣ ಒಬ್ಬರೇ ಹೋದರು. ನೆಲಕ್ಕೆ ಮಲಗಿ ಟಾರ್ಚ್ ಬಿಟ್ಟರು. ಟೈರಿನ ಒಳಬದಿಯ ಗೋಡೆ ಸುತ್ತಲೂ ಒಂದೇ ಸಮನೆ ಸವೆದು ದಾರ ಬಿಟ್ಟುಕೊಂಡಿತ್ತು. ಅದು ಉಜ್ಜಿದ, ಗಾಲಿಯ ಹಿಂದೆ ಕಾರಿನ ಭಾರ ಹೊರುವ ಸ್ಟ್ರಟ್ ಕಂಬ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕುಂಕುಮದ ಕಲೆಯಿದ್ದ ಕಡ್ಡಿಯ ಹಿಂದೆ ಬೆರಳಾಡಿಸಿದರು. ಎಂಟು ಇಂಚು, ಇಟಿ ಐವತ್ತೈದು. ಈ ಕಾರಿನ ಮೂಲ ಗಾಲಿ ಏಳಿಂಚು, ನಲವತ್ತೈದು. ಹೊರಗಡೆ ಮೂರು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಯಾರ ಕಣ್ಣಿಗೂ ಬೀಳದು. ಒಳಗಡೆ ಇಪ್ಪತ್ಮೂರು: ಹೆಚ್ಚಿದ ಅಗಲದ ಅರ್ಧ ಹದಿಮೂರು, ಆಫ್‌ಸೆಟ್ಟಿನದು ಹತ್ತು. ತಿರುವಿನಲ್ಲಿ ಭಾರ ಬಿದ್ದು ಟೈರ್ ಉಬ್ಬಿದಾಗಲೆಲ್ಲ ಅದು ಸವೆಯುತ್ತಲೇ ಇತ್ತು.

ಕಂಡದ್ದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ರಾಜಿ ಕೇಳಿದರು: “ಅವರ ಮನೆಯೋರೆಲ್ಲ ರಸ್ತೆ ಹಳ್ಳಕ್ಕೆ ಬಿದ್ದು ಸಿಡೀತು ಅಂತಿದಾರೆ. ನೀವ್ಯಾಕೆ ಬಾಯಿ ಬಿಡ್ತೀರಿ? ಕೆಲಸ ಹೋದ್ರೆ?”

“ಹಳ್ಳ ಅಂತ ಮಾತ್ರ ಅಂತಿಲ್ಲ ರಾಜಿ. ಬಿಂದುಶ್ರೀನ ಅಂತಿದಾರೆ. ಓಡಿಸ್ತಾ ಫೋನ್ ನೋಡ್ತಿದ್ಲು ಅಂತ.”

ಭಾನುವಾರ ಅವರು ಪ್ಲೇನ್ಸ್‌ಬರೋಗೆ ಹೋದರು. ಬಿಂದುಶ್ರೀ ಕಟ್ಟು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದಳು. ಗಂಡ ಅವಳತ್ತ ನೋಡದೆ ಆಸ್ಪತ್ರೆಯ ಕಾಗದಗಳನ್ನು ಜೋಡಿಸುತ್ತಿದ್ದ.

“ಡ್ರೈವಿಂಗ್ ಬರ್ದಿದ್ರೆ ಹೇಳ್ಬೇಕಿತ್ತು,” ಎಂದರು ಶಿವಲಿಂಗಮ್ಮ, ಗೋಡೆಗೆ ಹೇಳುವಂತೆ.

“ಅವಳದೇನೂ ತಪ್ಪಿಲ್ಲ,” ಅಶ್ವತ್ಥನಾರಾಯಣ ನಿಂತೇ ಹೇಳಿದರು. “ಗಾಲಿ ಈ ಕಾರಿನದಲ್ಲ. ಹಿಂದೆ ನಂಬರ್ ಇತ್ತು. ನಾನು ನೋಡ್ಲಿಲ್ಲ. ಇನ್ಶೂರೆನ್ಸ್‌ನೋರಿಗೂ ಇದನ್ನೇ ಬರೆದು ಕೊಡ್ತೀನಿ.”

ಬೋರಲು ಹಾಕಬೇಡ ಎಂದಿದ್ದು ಯಾರೆಂದು ಅಶ್ವತ್ಥನಾರಾಯಣ ಹೇಳಲಿಲ್ಲ. ಕೈ ತನ್ನದು, ಕಣ್ಣೂ ತನ್ನದೇ.

ಶಿವಪ್ರಸಾದ್ ಎದ್ದು ಒಳಗೆ ಹೋದ. ಬಾಗಿಲು ಬಡಿದುಕೊಂಡಿತು.

ಬಿಂದುಶ್ರೀ ಮೆಲ್ಲಗೆ ಕೇಳಿದಳು: “ನೋಡಿದ್ರೆ ಎಷ್ಟೊತ್ತು ಆಗ್ತಿತ್ತು ಅಂಕಲ್?”

“ಎರಡು ನಿಮಿಷ ಕಣಮ್ಮ.”

ಅವಳು ತಲೆಯಾಡಿಸಿದಳು. ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವರು ಅಲ್ಲೇ ನಿಂತಿದ್ದರು.